ಓದುಗರ ಪ್ರಶ್ನೆ: ಮಾಲೀಕರು ಬೀಗ ಹಾಕಬಹುದು, ಆಟಗಾರರು ಕೇಸು ಹಾಕಬಾರದೇ?

ಪ್ರಶ್ನೆ: 2011ರಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಮಾಲೀಕರು ಲಾಕೌಟ್ ಮಾಡಿದರು, ಆಟಗಾರರು ಕೋರ್ಟಿಗೆ ಹೋದರು. ಯಾರು ಮಾಡಿದ್ದು ನ್ಯಾಯ?

ಉತ್ತರ: ಅಲ್ಲಿನ ಕಾನೂನಿನಲ್ಲಿ ಎರಡಕ್ಕೂ ಜಾಗ ಇದೆ. ನನ್ನನ್ನು ಕೇಳಿದರೆ ಆಟಗಾರರ ಕಡೆಗೆ ಸ್ವಲ್ಪ ಜಾಸ್ತಿ ವಾಲುತ್ತೇನೆ.

ಮುಷ್ಕರದಲ್ಲಿ ಕೆಲಸಗಾರ ಬರಲ್ಲ ಅನ್ನುತ್ತಾನೆ. ಲಾಕೌಟ್‌ನಲ್ಲಿ ಮಾಲೀಕನೇ ಬರಬೇಡ ಅನ್ನುತ್ತಾನೆ. ಆಗ ಲೀಗಿನ ವರ್ಷದ ಆದಾಯ ಸುಮಾರು 900 ಕೋಟಿ ಡಾಲರ್. ಅದನ್ನು ಆಟಗಾರರ ಜೊತೆ ಹಂಚಿಕೊಳ್ಳುವ ಮೊದಲೇ ಮಾಲೀಕರು ಖರ್ಚಿನ ಬಾಬ್ತು ಎಂದು ಸುಮಾರು 100 ಕೋಟಿ ಎತ್ತಿಟ್ಟುಕೊಳ್ಳುತ್ತಿದ್ದರು. ಇನ್ನೂ 100 ಕೋಟಿ ಬೇಕು ಅಂದರು. ಆಟಗಾರರು ಹಳೆಯ ಒಪ್ಪಂದವೇ ಇರಲಿ ಅಂದರು.

ಇಲ್ಲೊಂದು ತೊಡಕಿದೆ. ಆಟಗಾರರ ಸಂಘ ಚೌಕಾಸಿಗೆ ಕೂತಿರುವವರೆಗೆ ಮಾಲೀಕರ ಮೇಲೆ ಆಂಟಿಟ್ರಸ್ಟ್ ಕೇಸು, ಅಂದರೆ ಪೈಪೋಟಿ ಇಲ್ಲದಂತೆ ಒಟ್ಟಾಗಿ ಕೈಜೋಡಿಸಿದ್ದಾರೆ ಎಂಬ ಕೇಸು, ನಿಲ್ಲುವುದಿಲ್ಲ. ಹಾಗಾಗಿ ಮಾರ್ಚ್ 11ರಂದು ಸಂಘ ಇನ್ನು ತಾನು ಸಂಘವೇ ಅಲ್ಲ ಎಂದು ಘೋಷಿಸಿಕೊಂಡಿತು. ಅದೇ ದಿನ ಟಾಮ್ ಬ್ರೇಡಿ, ಪೇಟನ್ ಮ್ಯಾನಿಂಗ್, ಡ್ರೂ ಬ್ರೀಸ್ ಸೇರಿ ಹತ್ತು ಮಂದಿ ಮಿನೆಸೋಟದಲ್ಲಿ ಕೇಸು ಹಾಕಿದರು. ಇದೆಲ್ಲ ನಾಟಕ ಅಂತ ಮಾಲೀಕರು ರೇಗಿದರು. ಪೂರ್ತಿ ತಪ್ಪೇನಲ್ಲ, ರಾಜಿ ಆಗುತ್ತಿದ್ದಂತೆ ಸಂಘ ಮತ್ತೆ ಎದ್ದು ಕೂತಿತು! ಆದರೆ ಆಟಗಾರರು ಈ ದಾರಿ ಹಿಡಿದದ್ದು ಸುಮ್ನೆ ಅಲ್ಲ. 1987ರಲ್ಲಿ ಅವರು ಮುಷ್ಕರ ಹೂಡಿದಾಗ ಮಾಲೀಕರು ಬದಲಿ ಆಟಗಾರರನ್ನು ಇಳಿಸಿ ಪಂದ್ಯ ನಡೆಸಿದ್ದರು. 24 ದಿನಕ್ಕೆ ಮುಷ್ಕರ ಮುರಿದುಬಿತ್ತು. ಕರಾರು ಮುಗಿದ ಮೇಲೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ 1993ರಲ್ಲಿ ಸಿಕ್ಕಿದ್ದು ಕೋರ್ಟಿನ ದಾರಿಯಿಂದಲೇ.

2011ರ ಏಪ್ರಿಲ್ 25ರಂದು ಜಡ್ಜ್ ಸೂಸನ್ ನೆಲ್ಸನ್ ಲಾಕೌಟ್ ತೆಗೆಯಿರಿ ಎಂದು ಆದೇಶ ಕೊಟ್ಟರು. ಮರುದಿನ ಆಟಗಾರರು ತಂಡದ ಕಟ್ಟಡಕ್ಕೆ ಹೋದರೆ, ಹಲವು ಕಡೆ ಒಳಗೆ ಬಿಟ್ಟರು, ಜಿಮ್ ಮಾತ್ರ ಮುಟ್ಟಬೇಡಿ ಅಂದರು. 29ರಂದು ಬಾಗಿಲು ಸರಿಯಾಗಿ ತೆರೆಯಿತು. ಅದೇ ಸಂಜೆ ಮೇಲಿನ ಕೋರ್ಟು ತಡೆ ಕೊಟ್ಟಿತು, ಮತ್ತೆ ಬೀಗ.

ಜುಲೈ 8ರಂದು ಆ ಮೇಲಿನ ಕೋರ್ಟು 2-1ರಲ್ಲಿ ಮಾಲೀಕರ ಪರ ನಿಂತಿತು. ಆಧಾರವಾಗಿ ಹಿಡಿದದ್ದು 1932ರ ನಾರಿಸ್-ಲಾಗಾರ್ಡಿಯಾ ಕಾಯ್ದೆ. ಮುಷ್ಕರ ಹೂಡಿದವರ ಮೇಲೆ ಜಡ್ಜುಗಳು ಮಾತೆತ್ತಿದರೆ ತಡೆಯಾಜ್ಞೆ ತರುತ್ತಿದ್ದ ಕಾಲದಲ್ಲಿ, ಕಾರ್ಮಿಕರನ್ನು ಕಾಪಾಡಲು, ಕಾರ್ಮಿಕ ಜಗಳಗಳಲ್ಲಿ ಕೋರ್ಟು ಸುಲಭಕ್ಕೆ ತಡೆಯಾಜ್ಞೆ ಕೊಡದಂತೆ ಕೈಕಟ್ಟಲು ಬಂದ ಕಾಯ್ದೆ ಅದು. ಅದೇ ಈಗ ಮಾಲೀಕರ ಬೀಗಕ್ಕೆ ಕಾವಲು ನಿಂತಿತು. ಕಾಯ್ದೆಯ ಅಕ್ಷರಕ್ಕೆ ಆ ಓದು ಹೊಂದಬಹುದು. ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ.

ಎನ್‌ಎಫ್‌ಎಲ್ ಆಟಗಾರನ ವೃತ್ತಿ ಸರಾಸರಿ ನಾಲ್ಕು ವರ್ಷವೂ ಬಾಳುವುದಿಲ್ಲ ಎಂದು ಸಂಘ ಹೇಳುತ್ತಿತ್ತು. ಒಂದು ಸೀಸನ್ ಹೋದರೆ ಅವನಿಗೆ ಕಾಲು ಭಾಗ ಬದುಕೇ ಹೋದ ಹಾಗೆ. ಮಾಲೀಕರೋ, ಪಂದ್ಯ ನಡೆಯದಿದ್ದರೂ ಸುಮಾರು 400 ಕೋಟಿ ಡಾಲರ್ ಬರುವ ಹಾಗೆ ಟಿವಿ ಕಂಪನಿಗಳ ಜೊತೆ ಮೊದಲೇ ಮಾತಾಡಿಕೊಂಡಿದ್ದರು. ಆಟಗಾರರಿಗೆ ಕೊಟ್ಟ ಮಾತಿಗೆ ಇದು ವಿರುದ್ಧ ಎಂದು ಇನ್ನೊಬ್ಬ ಜಡ್ಜ್, ಡೇವಿಡ್ ಡೋಟಿ, ಬೀಗ ಬೀಳುವ ಮೊದಲೇ ತೀರ್ಪು ಕೊಟ್ಟಿದ್ದರು. ಆಂಟಿಟ್ರಸ್ಟ್ ಕೇಸೂ ಹೂವಿನ ಏಟಲ್ಲ ಬಿಡಿ, ಗೆದ್ದರೆ ನಷ್ಟದ ಮೂರು ಪಟ್ಟು ಪರಿಹಾರ. ಆದರೂ ಕೇಸು ನಡೆಯುವಾಗ ಆಟ ನಿಲ್ಲಬೇಕಿಲ್ಲ, ಎರಡೂ ಕಡೆಯವರು ಲೆಕ್ಕ ಒಪ್ಪಿಸಬೇಕು. ಲಾಕೌಟ್‌ನಲ್ಲಿ ಕಾಯುವ ತಾಕತ್ತು ಯಾರಿಗಿದೆಯೋ ಅವರದೇ ಮಾತು.

ಕೊನೆಗೆ ಜುಲೈ 25ಕ್ಕೆ ಹತ್ತು ವರ್ಷದ ಒಪ್ಪಂದ ಆಯಿತು. ರದ್ದಾದದ್ದು ಒಂದೇ ಒಂದು ಅಭ್ಯಾಸ ಪಂದ್ಯ. ಮೊದಲೇ ಎತ್ತಿಟ್ಟುಕೊಳ್ಳುವ ಪದ್ಧತಿ ಹೋಯಿತು, ಒಟ್ಟು ಆದಾಯದಲ್ಲಿ ಆಟಗಾರರಿಗೆ ಹೆಚ್ಚುಕಮ್ಮಿ 47 ಶೇಕಡಾ ಎಂದಾಯಿತು. ದುಡ್ಡಿನ ಲೆಕ್ಕದಲ್ಲಿ ಮಾಲೀಕರೇ ಮೇಲುಗೈ ಎಂದವರು ಬಹಳ ಜನ. ಆಟಗಾರರು ಗಿಟ್ಟಿಸಿಕೊಂಡದ್ದು ಬೇರೆ ಕಡೆ: ಮೈಗೆ ಪ್ಯಾಡ್ ಕಟ್ಟಿಕೊಂಡು ದಿನಕ್ಕೆರಡು ಸಲ ಗುದ್ದಾಡುವ ಅಭ್ಯಾಸ ಅವತ್ತಿಗೇ ನಿಂತಿತು.