ಲೆಕ್ಕದ ಪುಸ್ತಕದಲ್ಲಿ ‘ನಂಗೆ’ ಅಂತ ಒಂದು ಕಾಲಂ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಮಾಳಿಗೆ ಮೇಲೆ ನಂದೊಂದು ಸಣ್ಣ ಆಫೀಸು ಉಂಟು. ಅಂಗಡಿಯವರ ಜಿಎಸ್‌ಟಿ ರಿಟರ್ನು, ಇನ್‌ಕಂ ಟ್ಯಾಕ್ಸು, ಬ್ಯಾಂಕ್ ಲೋನಿಗೆ ಬೇಕಾದ ಲೆಕ್ಕಪತ್ರ, ಇಷ್ಟೇ ಕೆಲಸ. ಹೋದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಪೆರ್ಲದ ಕಡೆಯಿಂದ ಹೊಲಿಗೆ ಕೆಲಸದ ಹೆಂಗಸೊಬ್ರು ಬಂದಿದ್ರು, ಹೊಸ ಮೆಷಿನಿಗೆ ಮುದ್ರಾ ಲೋನ್ ಬೇಕಿತ್ತು, ಬ್ಯಾಂಕಲ್ಲಿ ಒಂದು ವರ್ಷದ ಲೆಕ್ಕ ಕೇಳಿದ್ದಾರೆ ಅಂತ ಮಗನ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರ್ದದ್ದನ್ನೇ ತಂದಿದ್ರು. ನೂಲು, ಲೈನಿಂಗ್, ಹುಕ್ಕು, ಫಾಲ್, ಕರೆಂಟ್ ಬಿಲ್ಲು, ಎಲ್ಲ ಚೊಕ್ಕ. ಆದ್ರೆ ವಾರಕ್ಕೊಂದು ಸಾಲು ಮಾತ್ರ ‘ಇತರೆ 45’, ‘ಇತರೆ 60’, ಪುನಃ ‘ಇತರೆ 45’.

"ಇದೆಂತ ಇತರೆ?" ಕೇಳಿದೆ.

"ಅದೆಂತ ಇಲ್ಲಕ್ಕ, ಬಿಡಿ."

ಲೆಕ್ಕದಲ್ಲಿ ಎಂತ ಇಲ್ಲ ಅನ್ನುವುದು ಇರ್ಲಿಕ್ಕೆ ಸಾಧ್ಯ ಇಲ್ಲ, ಮತ್ತೊಮ್ಮೆ ಕೇಳಿದೆ. ನಾಚ್ಕೊಂಡು ಹೇಳಿದ್ರು, ಗುರುವಾರ ನೂಲು ತರ್ಲಿಕ್ಕೆ ಪೇಟೆಗೆ ಬರುವುದಲ್ವಾ, ಆಗ ಒಂದು ಚರ್ಮುರಿ ಮತ್ತೆ ಒಂದು ಲಿಂಬೆ ಸೋಡ. ಗಂಡನಿಗೆ ಗೊತ್ತಿಲ್ಲ, ಅತ್ತೆಗಂತೂ ಮೊದಲೇ ಇಲ್ಲ. ಕ್ಯಾಲ್ಕ್ಯುಲೇಟರಲ್ಲಿ ಕೂಡಿಸಿದ್ರೆ ವರ್ಷಕ್ಕೆ 2,615 ರೂಪಾಯಿ. "ಅಯ್ಯೋ ದೇವ್ರೇ, ಅಷ್ಟೂ ನಾನು ತಿಂದದ್ದಾ?" ಅಂತ ಬಾಯಿಗೆ ಕೈ ಇಟ್ರು.

ನಾನು ಕೆಂಪು ಪೆನ್ನಲ್ಲಿ ‘ಇತರೆ’ ಹೊಡೆದು ಹಾಕಿ ಮೇಲೆ ‘ನಂಗೆ’ ಅಂತ ಬರ್ದೆ. ಅವರಿಗೆ ನಾನೇನೋ ಬೈತೇನೆ ಅಂತ ಇತ್ತು ಕಾಣ್ತದೆ.

ನಮ್ಮ ಲೆಕ್ಕದ ಭಾಷೆಯಲ್ಲಿ ಡ್ರಾಯಿಂಗ್ಸ್ ಅಂತ ಒಂದು ಖಾತೆ ಉಂಟು. ಅಂಗಡಿ ಮಾಲಕ ಗಲ್ಲೆಯಿಂದ ಸ್ವಂತಕ್ಕೆ ಅಂತ ತೆಗ್ದದ್ದು ಅಲ್ಲಿಗೆ ಹೋಗ್ತದೆ. ಅದು ವ್ಯಾಪಾರದ ಖರ್ಚಿನಲ್ಲಿ ಸೇರುವುದಿಲ್ಲ, ಖರ್ಚು ಅಂತ ತೋರಿಸಿ ತೆರಿಗೆ ಕಮ್ಮಿ ಮಾಡ್ಕೊಳ್ಳಿಕ್ಕೂ ಆಗುವುದಿಲ್ಲ, ಅವನ ಬಂಡವಾಳದಿಂದ ಕಳೀತದೆ ಅಷ್ಟೆ. ಆದ್ರೆ ತಪ್ಪು ಅಂತ ಯಾರೂ ಹೇಳುವುದಿಲ್ಲ, ಮಾಲಕ ಅಂದ ಮೇಲೆ ತೆಗೀತಾನೆ, ಬರ್ದಿಟ್ರೆ ಆಯ್ತು. ಬರೀದೆ ತೆಗ್ದಾಗಲೇ ಗಲ್ಲೆ ಲೆಕ್ಕ ತಾಳೆ ಆಗದೆ ಸಂಜೆ ಕೆಲಸದ ಹುಡುಗನ ಮೇಲೆ ಸಂಶಯ ಬರುವುದು. ಎಷ್ಟೋ ಮನೆ ಲೆಕ್ಕ ನೋಡಿದ್ದೇನೆ ನಾನು, ಅಕ್ಕಿಗೆ, ಗ್ಯಾಸಿಗೆ, ಮದ್ದಿಗೆ, ಕುರಿಗೆ (ಚಿಟ್‌ಫಂಡಿನ ಕುರಿ ಮಾರಾಯ್ರೆ, ನಮ್ಮಲ್ಲಿ ಹಾಗೇ ಹೇಳುವುದು), ಕುಟುಂಬಶ್ರೀಗೆ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಎಲ್ಲದಕ್ಕೂ ಒಂದೊಂದು ಸಾಲು ಇರ್ತದೆ, ದುಡಿದವರ ಹೆಸರಲ್ಲಿ ಮಾತ್ರ ಒಂದು ಸಾಲೂ ಇರುವುದಿಲ್ಲ. ಹಾಗಾಗಿ ಎಲ್ರೂ ತರಕಾರಿ ಪೈಸೆಯಲ್ಲೋ ಇತರೆಯಲ್ಲೋ ಕದ್ದು ತೆಗೀತಾರೆ. ಕದ್ದು ತಿಂದ ಚರ್ಮುರಿಗೆ ರುಚಿ ಜಾಸ್ತಿ ಅಂತೀರಾ, ಇರಬಹುದು, ಆದ್ರೆ ಅದನ್ನ ಗಡಿಬಿಡಿಯಲ್ಲಿ ತಿನ್ಬೇಕಾಗ್ತದಲ್ಲ.

ಹಿಂದೆ ಇದಕ್ಕೆ ನಮ್ಮ ಕಡೆ ಒಂದು ವ್ಯವಸ್ಥೆ ಇತ್ತು. ನನ್ನ ಅಜ್ಜಿಗೆ ಗುಡ್ಡೆಯ ಎರಡು ಗೇರು ಮರದ ಬೀಜ ಅವಳದ್ದೇ, ಅದರ ಪೈಸೆ ಅಜ್ಜ ಕೇಳ್ತಿರ್ಲಿಲ್ಲ. ಬಿಸುವಿನ (ವಿಷು ಹಬ್ಬದ) ಆಚೀಚೆ ಮಕ್ಕಳು ಹೆಕ್ಕಿದ ಗೇರುಬೀಜವೂ ಹಾಗೇ, ಅಂಗಡಿಗೆ ಕೊಟ್ಟು ಬಂದ ಚಿಲ್ಲರೆ ಜಾತ್ರೆಯ ಐಸ್‌ಕ್ಯಾಂಡಿಗೆ. ತೋಟದಲ್ಲಿ ಅಲ್ಲಲ್ಲಿ ಉದುರಿದ ಅಡಿಕೆ ಹೆಕ್ಕಿ ಬೇರೆ ಗೋಣಿಯಲ್ಲಿ ಇಡ್ತಿದ್ದ ಹೆಂಗಸರನ್ನ ನೀವೂ ನೋಡಿರ್ಬಹುದು. ಆ ಗೋಣಿಯೇ ಅವರ ಡ್ರಾಯಿಂಗ್ಸ್ ಅಕೌಂಟು. ಈಗ ಅಡಿಕೆ ಎಲ್ಲ ಒಟ್ಟಿಗೆ ಜೀಪಲ್ಲಿ ಹೋಗ್ತದೆ, ಪೈಸೆ ನೇರ ಬ್ಯಾಂಕಿಗೆ ಬೀಳ್ತದೆ, ಆ ಪಾಸ್‌ಬುಕ್ಕು ಯಾರ ಹೆಸರಲ್ಲಿ ಉಂಟೋ ಅವರದ್ದೇ ಮಾತು.

ಸರಿ, ಎಷ್ಟು ಇಟ್ಕೊಳ್ಳುವುದು? ನೆಟ್ಟಲ್ಲಿ 50-30-20 ಅಂತ ಒಂದು ಸೂತ್ರ ತಿರುಗ್ತಾ ಇರ್ತದೆ, ಸಂಬಳದ ಅರ್ಧ ಅಗತ್ಯಕ್ಕೆ, ನೂರಕ್ಕೆ ಮೂವತ್ತು ಆಸೆಗೆ, ಇಪ್ಪತ್ತು ಉಳಿತಾಯಕ್ಕೆ ಅಂತ. ಅದು ಅಮೆರಿಕದ ತಿಂಗಳ ಸಂಬಳದವರಿಗೆ ಮಾಡಿದ್ದು. ಬೀಡಿ ಕಟ್ಟುವವರಿಗೆ, ಅಡಿಕೆ ಮಾರಿದಾಗ ಮಾತ್ರ ಪೈಸೆ ಕಾಣುವವರಿಗೆ ನೂರಕ್ಕೆ ಮೂವತ್ತು ಅಂದ್ರೆ ನಗ್ತಾರೆ. ನಾನು ಹೇಳುವುದು ನೂರಕ್ಕೆ ಎರಡು. ಹದಿನೆಂಟು ಸಾವಿರ ಕೈಗೆ ಬಂದ್ರೆ 360 ರೂಪಾಯಿ. ಇದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಅಂದಾಜು, ಮನೆಯಲ್ಲಿ ಜಗಳ ಆಗದಷ್ಟು ಸಣ್ಣದು ಮತ್ತೆ ನೆನಪಲ್ಲಿ ಉಳಿಯುವಷ್ಟು ದೊಡ್ಡದು. ವರ್ಷಕ್ಕೊಮ್ಮೆ ಅಡಿಕೆ ಪೈಸೆ ಕಾಣುವ ಮನೆಯವರು ಕಿಲೋ ಲೆಕ್ಕದಲ್ಲೇ ಇಟ್ಕೊಳ್ಳಿ, ಇಷ್ಟು ಕಿಲೋ ಅಡಿಕೆ ನಂದು ಅಂತ. ರೇಟು ಏರಿದ್ರೆ ನಿಮ್ಮ ಕುಶಿಯೂ ಏರ್ತದೆ, ಕೊಳೆರೋಗ ಬಂದ ವರ್ಷ ಎಲ್ರೊಟ್ಟಿಗೆ ನಿಮ್ಮದೂ ಇಳೀತದೆ, ಯಾರಿಗೂ ಬೇಜಾರಿಲ್ಲ.

ಮೊತ್ತ ನಿಶ್ಚಯ ಆದ ಮೇಲೆ ನಿಜವಾದ ಕಷ್ಟ ಶುರು. ಈ ಪೈಸೆಗೆ ಒಂದು ಕೆಟ್ಟ ಅಭ್ಯಾಸ ಉಂಟು, ನೋಡ್ತಾ ನೋಡ್ತಾ ಅದು ಮನೆ ಸಾಮಾನು ಆಗಿ ಬಿಡ್ತದೆ. ಕುಕ್ಕರಿನ ಗ್ಯಾಸ್ಕೆಟ್, ಮಗಳ ಕೊಡೆ, ಬಾತ್‌ರೂಮಿಗೆ ಬಕೆಟ್. ನಂದೇ ಕತೆ ಕೇಳಿ. ನಂಗೆ ತಿಂಗಳಿಗೊಂದು ಆದಿತ್ಯವಾರ ಬೆಳಿಗ್ಗೆ ಒಬ್ಳೇ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಎರಡು ಕಾಫಿ ಕುಡಿದು ಫೋನ್ ಮುಟ್ಟದೆ ಒಂದು ಗಂಟೆ ಕೂತ್ಕೊಳ್ಳುವುದು ಅಂತ ಇತ್ತು. ಒಂದು ಸಲ ಮಗಳು "ನಾನೂ ಬರ್ತೇನೆ" ಅಂದ್ಲು, ಕರ್ಕೊಂಡು ಹೋದೆ. ಮುಂದಿನ ತಿಂಗಳು ಇವರೂ ಹೊರಟ್ರು, ಅದರ ಮುಂದಿನ ತಿಂಗಳು ಅತ್ತೆಗೆ ಬನ್ಸ್ ಪಾರ್ಸೆಲ್, ಬಿಲ್ಲು 480. ಕುಶಿ ಆಗ್ಲಿಲ್ಲ ಅಂತಲ್ಲ, ಚಂದವೇ ಇತ್ತು, ಆದ್ರೆ ಅದು ಮನೆ ಖರ್ಚು. ಪುಸ್ತಕದಲ್ಲಿ ‘ಹೋಟೆಲು, ಮನೆಯವರು’ ಅಂತ ಬೇರೆ ಸಾಲು ಮಾಡಿದೆ, ನನ್ನ ದೋಸೆಯನ್ನ ಬುಧವಾರ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಗೆ ಬದಲಿಸಿದೆ. ಈವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಇದನ್ನ ಓದಿದ ಮೇಲೆ ಗೊತ್ತಾಗ್ತದೆ.

ಟೈಲರ್ ಹೆಂಗಸಿನದ್ದು ಇನ್ನೂ ಮಜಾ. ‘ನಂಗೆ’ ಅಂತ ಕಾಲಂ ಸಿಕ್ಕಿದ ಮೇಲೆ ಎರಡು ತಿಂಗಳು ಉಳಿಸಿ ಮೊದಲು ತೆಗ್ದದ್ದೆಂತ ಹೇಳಿ? ಕತ್ತರಿ. ಒಳ್ಳೆ ಭಾರದ ಸ್ಟೀಲ್ ಕತ್ತರಿ, 480 ರೂಪಾಯಿ. ನಾನು ಹೇಳಿದೆ ಇದು ಅಂಗಡಿ ಲೆಕ್ಕಕ್ಕೆ ಹೋಗ್ಬೇಕು, ಇದು ಉಪಕರಣ. "ಆದ್ರೆ ಅಕ್ಕ, ಬಟ್ಟೆ ಕತ್ತರಿಸುವಾಗ ಅದರ ಶಬ್ದ ಕೇಳಿದ್ರೆ ನಂಗೆ ಎಷ್ಟು ಕುಶಿ ಆಗ್ತದೆ ಗೊತ್ತುಂಟಾ!" ಅಂದ್ರು. ಅರ್ಧ ಗಂಟೆ ಚರ್ಚೆ ಆಯ್ತು. ಕಡೆಗೆ ನಾನೇ ಗೆದ್ದೆ, 480 ಅಂಗಡಿ ಖರ್ಚಿಗೆ ಹಾಕಿ ಅವರ ಕಾಲಮಿಗೆ ಪೈಸೆ ವಾಪಸ್ ಬರ್ದೆ, ಆದ್ರೆ ಅವರು ಹೇಳಿದ್ದರಲ್ಲೂ ವಿಷಯ ಉಂಟು ಅಂತ ಈಗಲೂ ಅನ್ನಿಸ್ತದೆ.

ಎಂತ ತಗೊಳ್ಳುವುದು ಅಂತ ನಿಶ್ಚಯ ಮಾಡುವಾಗ ಎಲ್ರೂ ಮಾಡುವ ತಪ್ಪು ಒಂದೇ, ‘ಈ 300ರಲ್ಲಿ ಎಷ್ಟು ಕಿಲೋ ಅಕ್ಕಿ ಬರ್ತಿತ್ತು’ ಅಂತ ಲೆಕ್ಕ ಹಾಕುವುದು. ಅಕ್ಕಿ ಆಗಲೇ ಬಂದಾಯ್ತು, ಅದರ ಸಾಲು ಬೇರೆ. ನಿಮ್ಮ 300ಕ್ಕೆ ಸ್ಪರ್ಧೆ ನಿಮ್ಮದೇ ಇನ್ನೊಂದು ಆಸೆಯೊಟ್ಟಿಗೆ ಮಾತ್ರ: ಆರು ಸಲ ಚರ್ಮುರಿಯಾ, ಮಂಗಳೂರಿಗೆ ಹೋಗಿ ಒಂದು ಗಡ್‌ಬಡ್ ಐಸ್‌ಕ್ರೀಮಾ, ಕೆಲವು ತಿಂಗಳು ಕೂಡಿಟ್ಟು ಒಂದು ಕಾಸರಗೋಡು ಸೀರೆಯಾ (ಜಿಐ, ಅಂದ್ರೆ ಊರಿನ ಹೆಸರಿನ ಸರ್ಕಾರಿ ಗುರುತು, ಸಿಕ್ಕಿದ ಕೈಮಗ್ಗದ ಸೀರೆ ನಮ್ಮೂರಲ್ಲೇ ಇದ್ದೂ ನಾವು ಆನ್‌ಲೈನಲ್ಲಿ ಬೇರೆ ಯಾವುದೋ ನೋಡ್ತೇವೆ, ಇರ್ಲಿ). ಪೈಸೆ ಎಲ್ಲ ಒಂದೇ ಆದ್ರೂ ಮನುಷ್ಯ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟ ಹಾಗೆ ಬೇರೆ ಬೇರೆ ನೋಡ್ತಾನೆ ಅನ್ನುವುದನ್ನ ಮೆಂಟಲ್ ಅಕೌಂಟಿಂಗ್ ಅಂತಾರೆ, ಇದರ ಬಗ್ಗೆ ಕೆಲಸ ಮಾಡಿದ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿ ಇಡ್ತಿದ್ದ ನಮ್ಮ ಅಜ್ಜಿಯಂದಿರಿಗೆ ಯಾರೂ ಕೊಡ್ಲಿಲ್ಲ.

ಮತ್ತೆ ನಾನು ಮಾಡುವ ಇನ್ನೊಂದು ಉಪಾಯ, ಬೇಕು ಅನ್ನಿಸಿದ್ದನ್ನ ಪುಸ್ತಕದ ಕಡೇ ಹಾಳೆಯಲ್ಲಿ ತಾರೀಕು ಹಾಕಿ ಬರೀತೇನೆ, ಮುಂದಿನ ತಿಂಗಳ ಪೈಸೆ ಬರುವವರೆಗೆ ತಗೊಳ್ಳುವುದಿಲ್ಲ. ಹೋದ ವರ್ಷ ಹನ್ನೊಂದು ಬರ್ದಿದ್ದೆ, ನಾಲ್ಕು ಉಳೀತು. ಹೊಡೆದು ಹಾಕಿದ ಏಳರಲ್ಲಿ ಒಂದು ಕಾಲು ಒತ್ತುವ ಮೆಷಿನ್, ಅದು ಯಾಕೆ ಬೇಕು ಅನ್ನಿಸಿತ್ತೋ ಈಗ ನೆನಪೇ ಇಲ್ಲ.

ತಿಂಗಳು ತಿಂಗಳು ಖರ್ಚು ಮಾಡ್ಲೇಬೇಕು ಅಂತಲೂ ಇಲ್ಲ. ನನ್ನ ಹತ್ರ ಬರುವ ಒಬ್ಬ ಹುಡುಗ, ಅಡಿಕೆ ಮರಕ್ಕೆ ಹತ್ತಿ ಮದ್ದು ಬಿಡುವ ಕೆಲಸ, ಅವನಿಗೆ ಯಕ್ಷಗಾನ ಅಂದ್ರೆ ಹುಚ್ಚು. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ್ರೆ ಮತ್ತೆ ದೀಪಾವಳಿ ಕಳೀಬೇಕು. ಬಯಲಾಟಕ್ಕೆ ಟಿಕೆಟ್ ಇಲ್ಲ ನಿಜ, ಆದ್ರೆ ಬೈಕಿಗೆ ಪೆಟ್ರೋಲ್, ರಾತ್ರಿ ಎರಡು ಸಲ ಚಾ, ಗೋಳಿಬಜೆ, ಮತ್ತೆ ಮರುದಿನ ಕೆಲಸಕ್ಕೆ ಹೋಗ್ಲಿಕ್ಕಾಗದೆ ತಪ್ಪುವ ಮಜೂರಿ, ಅದೇ ದೊಡ್ಡ ಖರ್ಚು, ಅದನ್ನ ಅವನು ಲೆಕ್ಕಕ್ಕೇ ಹಿಡೀತಿರ್ಲಿಲ್ಲ. ಈಗ ಮಳೆಗಾಲದ ಐದಾರು ತಿಂಗಳು ಮುಟ್ಟದೆ ಇಟ್ಟು ಆಟದ ಸೀಸನಿಗೆ ಖರ್ಚು ಮಾಡ್ತಾನೆ, ತಪ್ಪಿದ ಮಜೂರಿಯನ್ನೂ ಅದರಿಂದಲೇ ತುಂಬಿಸ್ತಾನೆ. ಹಾಗಾಗಿ ಆಟಕ್ಕೆ ಹೋಗುವುದು ಕಮ್ಮಿ ಆಗಿದೆ, ಆದ್ರೆ ಹೋದಲ್ಲಿ ಬೆಳಗ್ಗಿನವರೆಗೆ ಕೂತ್ಕೊಳ್ತಾನೆ.

ಇನ್ನು ಸೋರಿಕೆ. ಫೋನಿನ ಆಟೋಪೇ, ಅಂದ್ರೆ ತಿಂಗಳು ತಿಂಗಳು ತಾನಾಗಿ ಕಟ್ ಆಗುವ ಪೈಸೆ, ನೋಡಿ ಒಮ್ಮೆ. ತಿಂಗಳಿಗೆ 149 ಅಂದ್ರೆ ಎಂತ ದೊಡ್ಡದಲ್ಲ ಅನ್ನಿಸ್ತದೆ, ವರ್ಷಕ್ಕೆ 1,788, ಅಲ್ಲಿಗೆ ನಿಮ್ಮ ಐದು ತಿಂಗಳ ಕುಶಿ ಹೋಯ್ತು, ನೋಡದ ಸೀರಿಯಲ್ಲಿಗೆ. ರಿಸರ್ವ್ ಬ್ಯಾಂಕಿನ ನಿಯಮ ಪ್ರಕಾರ ಪೈಸೆ ಕಟ್ ಆಗುವ 24 ಗಂಟೆ ಮೊದಲೇ ಮೆಸೇಜ್ ಬರ್ಬೇಕು, ಬರ್ತದೆ ಕೂಡ, ನಾವು ಅದನ್ನ ಲೋನ್ ಆಫರಿನ ಮೆಸೇಜುಗಳೊಟ್ಟಿಗೆ ಅಳಿಸಿ ಹಾಕ್ತೇವೆ. 15,000 ರೂಪಾಯಿವರೆಗೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ ಅನ್ನುವುದೂ ನೆನಪಿರ್ಲಿ. ನೋ ಕಾಸ್ಟ್ ಇಎಂಐಯಲ್ಲಿ (ಬಡ್ಡಿ ಇಲ್ಲ ಅಂತ ಹೇಳಿ ಕೊಡುವ ಕಂತು) ಕುಶಿ ತಗೊಳ್ಳುವವರಿಗೂ ಒಂದು ಮಾತು, ಪ್ರೊಸೆಸಿಂಗ್ ಫೀಸ್ ಹೆಚ್ಚಾಗಿ ಇರ್ತದೆ, ಅದಕ್ಕೆ, ಕ್ರೆಡಿಟ್ ಕಾರ್ಡಿನದ್ದಾದ್ರೆ ಬಡ್ಡಿ ಭಾಗಕ್ಕೂ, 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಸಾಲ ಮಾಡಿ ತಗೊಂಡದ್ದು ‘ನಂಗೆ’ ಕಾಲಮಿನಲ್ಲಿ ಬರುವುದೇ ಇಲ್ಲ, ಅದು ಸಾಲದ ಕಾಲಂ.

ಜಿಎಸ್‌ಟಿ ಹೇಳಿದ ಮೇಲೆ ಇದನ್ನೂ ಹೇಳಿ ಬಿಡ್ತೇನೆ, 2025ರ ಸೆಪ್ಟೆಂಬರ್ 22ರಿಂದ ಬ್ಯೂಟಿ ಪಾರ್ಲರ್, ಸೆಲೂನ್ ಕೆಲಸಕ್ಕೆ 18 ಇದ್ದದ್ದು 5 ಆಗಿದೆ, ಐಸ್‌ಕ್ರೀಮಿಗೂ ಹಾಗೇ. 400 ರೂಪಾಯಿ ಫೇಶಿಯಲಿಗೆ 72 ಇದ್ದ ಟ್ಯಾಕ್ಸ್ ಈಗ 20. ಬಿಲ್ಲಲ್ಲಿ ಹಳೇ ರೇಟು ಕಂಡ್ರೆ ಕೇಳಿ, ಜಿಎಸ್‌ಟಿ ನಂಬ್ರವೇ ಇಲ್ಲದ ಸಣ್ಣ ಪಾರ್ಲರಿನವರು ಟ್ಯಾಕ್ಸ್ ಅಂತ ಹಾಕ್ಲಿಕ್ಕೇ ಇಲ್ಲ. ಓದುವ ಪುಸ್ತಕಕ್ಕೆ ಟ್ಯಾಕ್ಸೇ ಇಲ್ಲ.

ಪೆರ್ಲದವರಿಗೆ ಲೋನ್ ಸಿಕ್ಕಿತು, ಹೊಸ ಮೆಷಿನ್ ಬಂತು. ಹೋದ ತಿಂಗಳು ಪುಸ್ತಕ ತೋರಿಸ್ಲಿಕ್ಕೆ ಬಂದಿದ್ರು, ಈ ಸಲ ಹೊಸ ಪುಸ್ತಕ, ರಟ್ಟಿನದ್ದು. ‘ನಂಗೆ’ ಕಾಲಮಿನಲ್ಲಿ ಚರ್ಮುರಿ ತಿಂಗಳಿಗೆ ಎರಡೇ ಸಲ. ಒಂದು ಕಡೆ ‘ಮಲ್ಲಿಗೆ 2 ಚೆಂಡು, 260’ ಅಂತ ಇತ್ತು.

"ಯಾರ ಮದುವೆ ಇತ್ತು?" ಕೇಳಿದೆ.

"ಮದುವೆ ಎಂತದೂ ಇಲ್ಲಕ್ಕ. ಒಂದು ಮುಡಿದೆ, ಒಂದು ಮೆಷಿನಿನ ಹತ್ರ ಇಟ್ಕೊಂಡೆ. ಇಡೀ ದಿನ ಹೊಲೀಲಿಕ್ಕಿತ್ತು."

ನಾನು ಕೆಳಗೆ ಗೆರೆ ಎಳೆದು ಬಾಕಿ 310 ಅಂತ ಬರ್ದು ಮುಂದಿನ ತಿಂಗಳಿಗೆ ಹಾಕಿದೆ.