ಶರ್ಟ್‌ಫ್ರಂಟ್ ಅಂದರೆ ಏನು?

ಚೆಂಡಿನ ಮೇಲೆ ಕಣ್ಣಿಟ್ಟು ಓಡಿಬರುತ್ತಿರುವ ಆಟಗಾರನಿಗೆ ಎದುರಾಳಿ ನೇರ ಮುಂದಿನಿಂದ ಬಂದು, ಭುಜದಿಂದ ಎದೆಗೆ ಡಿಕ್ಕಿ ಹೊಡೆದು ಕೆಡವುವುದಕ್ಕೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಶರ್ಟ್‌ಫ್ರಂಟ್ ಎನ್ನುತ್ತಾರೆ. ಇದು ಗ್ಯಾಲರಿಯಲ್ಲಿ, ಕಾಮೆಂಟರಿಯಲ್ಲಿ ಬೆಳೆದ ಪದ. ಅಂಪೈರ್ ಮತ್ತು ಶಿಸ್ತಿನ ವಿಚಾರಣೆ ನಡೆಸುವ ಟ್ರಿಬ್ಯೂನಲ್ ಬಾಯಲ್ಲಿ ಬರುವುದು ಬಂಪ್ (ಮೈಯಿಂದ ಕೊಡುವ ಡಿಕ್ಕಿ), ಚಾರ್ಜಿಂಗ್, ರಫ್ ಕಂಡಕ್ಟ್ ಎಂಬ ಮಾತುಗಳು.

ಈ ಆಟ ನೋಡದವರ ಕಿವಿಗೂ ಪದ ಬಿದ್ದದ್ದು 2014ರಲ್ಲಿ. ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನ ಉರುಳಿಸಿದ ವಿಷಯದಲ್ಲಿ ರಷ್ಯಾದ ಮೇಲೆ ಸಿಟ್ಟಾಗಿದ್ದ ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಟೋನಿ ಅಬಟ್, ಬ್ರಿಸ್ಬೇನ್‌ನ ಜಿ20 ಸಭೆಗೆ ಪುಟಿನ್ ಬಂದರೆ ಶರ್ಟ್‌ಫ್ರಂಟ್ ಮಾಡುತ್ತೇನೆ ಎಂದುಬಿಟ್ಟರು. ಪುಟಿನ್ ಬಂದರು, ಡಿಕ್ಕಿಯೇನೂ ಆಗಲಿಲ್ಲ. ಪದ ಮಾತ್ರ ಜಗತ್ತು ಸುತ್ತಿಬಂತು. ಕೊರಳಪಟ್ಟಿ ಹಿಡಿದು ಕೇಳುವುದು ಎಂದು ಹಲವರು ಅರ್ಥ ಮಾಡಿಕೊಂಡರು. ಆಟದಲ್ಲಿ ಅದರ ಅರ್ಥ ಅದಕ್ಕಿಂತ ಬಹಳ ಒರಟು.

ಇಂಥ ಡಿಕ್ಕಿ ಇದೇ ಆಟದಲ್ಲಿ ಯಾಕೆ ಹುಟ್ಟಿತು ಎಂಬುದಕ್ಕೆ ಮೈದಾನವನ್ನು ನೋಡಬೇಕು. ಅಂಡಾಕಾರದ ಬಯಲು, ಉದ್ದ 135ರಿಂದ 185 ಮೀಟರ್. ತಂಡಕ್ಕೆ 18 ಜನ. ಆಫ್‌ಸೈಡ್ ಎಂಬುದೇ ಇಲ್ಲ. ರಗ್ಬಿಯಲ್ಲಿ ಎದುರಾಳಿಗಳು ಬಹುಮಟ್ಟಿಗೆ ಕಣ್ಣೆದುರಿಗೇ ಇರುತ್ತಾರೆ. ಇಲ್ಲಿ ಎಡ, ಬಲ, ಬೆನ್ನು ಯಾವ ಕಡೆಯಿಂದಲೂ ಬರಬಹುದು. ಭುಜಕ್ಕೆ ಪ್ಯಾಡ್ ಇಲ್ಲ, ಹೆಲ್ಮೆಟ್ ಕಡ್ಡಾಯವಲ್ಲ. ಚೆಂಡು ಹಾರುವ ದಿಕ್ಕಿನಲ್ಲೇ ಕತ್ತೆತ್ತಿ ಓಡುತ್ತ ಅದನ್ನು ಹಿಡಿಯಲು ಹೋಗುವವನಿಗೆ ಎದುರಿನಿಂದ ಬರುವವನು ಕಾಣುವುದೇ ಇಲ್ಲ. ಈ ಆಟದಲ್ಲಿ ಧೈರ್ಯ ಅಳೆಯುವುದು ಹೆಚ್ಚಾಗಿ ಈ ಓಟದಲ್ಲೇ.

ಡಿಕ್ಕಿ ಎಲ್ಲವೂ ತಪ್ಪಲ್ಲ. ನಿಯಮ ಒಪ್ಪುವ ಡಿಕ್ಕಿಗೆ ಆಟಗಾರರು ಹಿಪ್ ಅಂಡ್ ಶೋಲ್ಡರ್ ಎನ್ನುತ್ತಾರೆ. ಚೆಂಡು 5 ಮೀಟರ್ ಒಳಗಿರಬೇಕು. ಸೊಂಟ, ಭುಜ, ಎದೆ, ತೋಳು, ಬಿಚ್ಚಿದ ಅಂಗೈ ಬಳಸಬಹುದು. ಚೆಂಡು ಹಿಡಿದ ಸಹ ಆಟಗಾರನಿಗೆ ದಾರಿ ಬಿಡಿಸಲು ಎದುರಾಳಿಯನ್ನು ಅಡ್ಡಗಟ್ಟುವ ಶೆಫರ್ಡ್‌ಗೂ ಇದೇ ಅಳತೆ. ಸರಿಯಾಗಿ ಮಾಡುವವನು ಕೊನೆಯ ಎರಡು ಹೆಜ್ಜೆ ಚಿಕ್ಕದಾಗಿಸುತ್ತಾನೆ, ಮೊಣಕಾಲು ಬಗ್ಗಿಸುತ್ತಾನೆ, ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುತ್ತಾನೆ, ದೇಹ ಪಕ್ಕಕ್ಕೆ ತಿರುಗಿಸಿ ತನ್ನ ಭುಜವನ್ನು ಎದುರಾಳಿಯ ಭುಜಕ್ಕೆ ಅಥವಾ ಮೇಲ್ತೋಳಿಗೆ ತಾಗಿಸುತ್ತಾನೆ. ಎರಡೂ ಪಾದ ನೆಲದಲ್ಲಿರುತ್ತವೆ. ಎದುರಾಳಿ ಚೆಂಡಿನ ದಾರಿಯಿಂದ ಒಂದೆರಡು ಹೆಜ್ಜೆ ಸರಿದರೆ ಕೆಲಸ ಮುಗಿಯಿತು.

ಕಬಡ್ಡಿ ನೋಡುವವರಿಗೆ ಡ್ಯಾಶ್ ಗೊತ್ತಿರುತ್ತದೆ. ಅಲ್ಲಿ ರೈಡರ್‌ನನ್ನು ಗೆರೆಯಾಚೆ ಕಳಿಸಿದರೆ ಅಂಕ. ಹಿಪ್ ಅಂಡ್ ಶೋಲ್ಡರ್ ಸುಮಾರಾಗಿ ಅದೇ ಜಾತಿಯದು. ಶರ್ಟ್‌ಫ್ರಂಟ್‌ಗೆ ಗೆರೆಯ ಹಂಗಿಲ್ಲ, ಮನುಷ್ಯನನ್ನು ಬೀಳಿಸುವುದೇ ಉದ್ದೇಶ.

ಎಡವಟ್ಟಾಗುವುದು ಕೂದಲೆಳೆಯ ಅಂತರದಲ್ಲಿ. ಎದುರಾಳಿ ಚೆಂಡೆತ್ತಲು ಬಗ್ಗಿದ್ದರೆ ಅವನ ಭುಜ ಇರಬೇಕಾದ ಜಾಗದಲ್ಲಿ ತಲೆ ಇರುತ್ತದೆ. ಎತ್ತರದವನು ಮೊಣಕಾಲು ಬಗ್ಗಿಸದಿದ್ದರೆ ಅವನ ಭುಜ ಕುಳ್ಳನ ದವಡೆಗೆ ಸರಿಯಾಗಿ ಕೂರುತ್ತದೆ. ಓಟದ ವೇಗದಲ್ಲಿ ಪಾದ ನೆಲ ಬಿಟ್ಟರೆ ದೇಹ ಮೇಲಕ್ಕೇರಿ, ಎದೆಗೆ ಗುರಿಯಿಟ್ಟ ಪೆಟ್ಟು ಮುಖಕ್ಕೆ ಹೋಗುತ್ತದೆ. ಮೊಣಕೈ ಒಂದಿಷ್ಟು ಮೇಲೆದ್ದರೂ ಸಾಕು. ಇದೆಲ್ಲ ಸರಿಯಾಗಿದ್ದೂ ಹೊತ್ತು ತಪ್ಪಬಹುದು: ಎದುರಾಳಿ ಚೆಂಡು ಒದ್ದ ಮೇಲೆ ಡಿಕ್ಕಿ ತಾಗಿದರೆ, ಆ ಚೆಂಡು ಬಿದ್ದ ಕಡೆ ಅವನ ತಂಡದವನಿಗೆ ಫ್ರೀ ಕಿಕ್ ಸಿಗುತ್ತದೆ. ಇನ್ನು ಪೆಟ್ಟು ತಿನ್ನುವವನು ಅದನ್ನು ನಿರೀಕ್ಷಿಸಿರಲಿಲ್ಲವೆಂದರೆ ಕುತ್ತಿಗೆ ಬಿಗಿಹಿಡಿಯಲು ಸಮಯವಿರುವುದಿಲ್ಲ. ತಲೆ ಜೋರಾಗಿ ಹಿಂದಕ್ಕೆ ಎಸೆದಂತಾಗಿ, ತಲೆಗೆ ಏನೂ ತಾಗದೆಯೂ ಕನ್ಕಷನ್, ಅಂದರೆ ಮಿದುಳಿಗೆ ಆಘಾತ, ಆಗಬಹುದು.

ಪದದ ಹಳೆಯ ಅರ್ಥ, ಅದರ ಬೆಲೆ ಎರಡೂ ಒಬ್ಬನೇ ಆಟಗಾರನ ವೃತ್ತಿಯಲ್ಲಿ ಕಾಣಬೇಕೆಂದರೆ ಹಾಥಾರ್ನ್ ಕ್ಲಬ್‌ನ ಡರ್ಮಟ್ ಬ್ರೆರೆಟನ್ ಅವರನ್ನು ನೋಡಬೇಕು. ಅವರು ಸೆಂಟರ್ ಹಾಫ್ ಫಾರ್ವರ್ಡ್, ಅಂದರೆ ದಾಳಿಯ ನಡುಗಂಬ. ಉದ್ದದ ಒದೆತಗಳೆಲ್ಲ ಬರುವುದು ಅವನ ಕಡೆಗೆ, ಅದಕ್ಕಾಗಿ ಹಾರುವವರೆಲ್ಲ ಬೀಳುವುದೂ ಅವನ ಮೇಲೆ. 1982ರಿಂದ 1995ರವರೆಗೆ ಒಟ್ಟು 211 ಪಂದ್ಯ. ಅದರಲ್ಲಿ 189 ಹಾಥಾರ್ನ್‌ಗೆ. 1983, 1986, 1988, 1989, 1991, ಹೀಗೆ ಐದು ಪ್ರೀಮಿಯರ್‌ಶಿಪ್, ಅಂದರೆ ಲೀಗ್ ಪ್ರಶಸ್ತಿ. 1985ರ ಗ್ರ್ಯಾಂಡ್ ಫೈನಲ್‌ನಲ್ಲಿ ಸೋತ ತಂಡದ ಪರ ಎಂಟು ಗೋಲು. ಅಂಕಿಗಳಷ್ಟನ್ನೇ ನೋಡಿದರೆ ದೊಡ್ಡ ಆಟಗಾರ ಎಂದು ಮುಗಿಸಬಹುದು. ಜನ ನೆನೆಯುವುದು ಬೇರೆಯದನ್ನು. ಎಸೆಂಡನ್‌ನ ಪಾಲ್ ವ್ಯಾಂಡರ್ ಹಾರ್ ಅವರಿಗೆ ಬ್ರೆರೆಟನ್ ಕೊಟ್ಟ ಡಿಕ್ಕಿ ಇಂದಿಗೂ ಶರ್ಟ್‌ಫ್ರಂಟ್‌ನ ಮಾದರಿಯೆಂದೇ ಮರುಪ್ರಸಾರವಾಗುತ್ತದೆ. ವಿರಾಮದಲ್ಲಿ ಗುಂಪುಗೂಡಿ ನಿಂತಿದ್ದ ಅದೇ ಎಸೆಂಡನ್ ತಂಡದ ನಡುವೆ ನುಗ್ಗಿ ಓಡಿದ ಕಿಲಾಡಿಯೂ ಅವರೇ.

ಆಮೇಲೆ ಲೆಕ್ಕ ತಿರುಗಿತು. 1989ರ ಗ್ರ್ಯಾಂಡ್ ಫೈನಲ್, ಎದುರಾಳಿ ಜೀಲಾಂಗ್. ಆಟ ಶುರುಮಾಡಲು ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದು ಮೇಲೆ ಚಿಮ್ಮಿಸುತ್ತಿದ್ದಂತೆ ಮಾರ್ಕ್ ಯೇಟ್ಸ್ ದೂರದಿಂದ ಓಡಿಬಂದು, ಚೆಂಡು ನೋಡುತ್ತಿದ್ದ ಬ್ರೆರೆಟನ್ ಅವರಿಗೆ ಅಪ್ಪಳಿಸಿದರು. ಪಕ್ಕೆಲುಬು ಮುರಿಯಿತು, ಮೂತ್ರಪಿಂಡದಲ್ಲಿ ರಕ್ತಸ್ರಾವವಾಯಿತು. ಮೈದಾನದಲ್ಲೇ ವಾಂತಿ ಮಾಡಿಕೊಂಡರೂ ಅವರು ಹೊರಗೆ ಹೋಗಲು ಒಪ್ಪಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಚೆಂಡು ಹಿಡಿದು ಗೋಲು ಒದ್ದರು. ಇದನ್ನು ಬರೀ ಹಠವೆಂದು ಹೇಳುವವರು ಒಂದು ವಿಷಯ ಮರೆಯುತ್ತಾರೆ: ಆಗ ಬೆಂಚಿನಲ್ಲಿ ಇರುತ್ತಿದ್ದವರು ಇಬ್ಬರೇ. ಅದೇ ಪಂದ್ಯದಲ್ಲಿ ಜಾನ್ ಪ್ಲ್ಯಾಟನ್ ಕನ್ಕಷನ್‌ಗೆ ಗುರಿಯಾದರು, ರಾಬರ್ಟ್ ಡಿಪಿಯರ್‌ಡೊಮೆನಿಕೊ ಶ್ವಾಸಕೋಶಕ್ಕೆ ತೂತು ಬಿದ್ದರೂ ಆಡುತ್ತಿದ್ದರು. ಹಾಥಾರ್ನ್ ಗೆದ್ದದ್ದು 144–138ರಲ್ಲಿ, ಬರೀ ಆರು ಅಂಕದಿಂದ, ಅಂದರೆ ಒಂದು ಗೋಲಿನಿಂದ.

ಆ ಮೇಲಿನ ವರ್ಷಗಳಲ್ಲಿ ಸೊಂಟದ ನೋವು ಬ್ರೆರೆಟನ್ ಅವರನ್ನು ಬಿಡಲಿಲ್ಲ. 1994ರಲ್ಲಿ ಸಿಡ್ನಿ ಕ್ಲಬ್‌ಗೆ ಹೋದರು. ಆಡಿದ್ದು ಏಳೇ ಪಂದ್ಯ, ಅಮಾನತಿನಲ್ಲಿ ಕಳೆದದ್ದು ಅದಕ್ಕಿಂತ ಹೆಚ್ಚು. 1995ರಲ್ಲಿ ಕಾಲಿಂಗ್‌ವುಡ್‌ಗೆ 15 ಪಂದ್ಯ ಆಡಿ ನಿಲ್ಲಿಸಿದರು. 30 ದಾಟಿದ ಗಟ್ಟಿ ಆಟಗಾರರಲ್ಲಿ ಇದು ಪದೇಪದೇ ಕಾಣುತ್ತದೆ: ಕಾಲಿನ ವೇಗ ಒಂದು ಹೆಜ್ಜೆ ಕಡಿಮೆಯಾದಾಗ ಅದೇ ಡಿಕ್ಕಿ ಅರ್ಧ ಕ್ಷಣ ತಡವಾಗಿ ತಾಗುತ್ತದೆ. ಇಪ್ಪತ್ತೈದರಲ್ಲಿ ಭೇಷ್ ಎನಿಸಿಕೊಂಡದ್ದು ಮೂವತ್ತರಲ್ಲಿ ರಿಪೋರ್ಟ್, ಅಂದರೆ ಶಿಸ್ತಿನ ದೂರು, ಆಗುತ್ತದೆ.

ರಿಪೋರ್ಟ್ ಎಂಬುದೂ ಇಲ್ಲಿ ಬೇರೆ ಬಗೆಯದು. ಈ ಆಟದ ಅತಿದೊಡ್ಡ ಲೀಗ್ ಎಎಫ್‌ಎಲ್‌ನಲ್ಲಿ ರೆಡ್ ಕಾರ್ಡ್ ಇಲ್ಲ. ತಪ್ಪು ಮಾಡಿದವನು ಆಟ ಮುಂದುವರಿಸುತ್ತಾನೆ, ಶಿಕ್ಷೆ ಮುಂದಿನ ವಾರಗಳಲ್ಲಿ. ಮ್ಯಾಚ್ ರಿವ್ಯೂ ಅಧಿಕಾರಿ ಮೂರು ಪ್ರಶ್ನೆ ಕೇಳುತ್ತಾರೆ. ಬೇಕೆಂದೇ ಮಾಡಿದ್ದೋ, ಅಜಾಗರೂಕತೆಯೋ? ಪೆಟ್ಟಿನ ತೀವ್ರತೆ ಕಡಿಮೆ, ಮಧ್ಯಮ, ಹೆಚ್ಚು, ಅತಿ ತೀವ್ರ, ಈ ನಾಲ್ಕರಲ್ಲಿ ಯಾವುದು? ತಾಗಿದ್ದು ದೇಹಕ್ಕೋ, ತಲೆ–ಕುತ್ತಿಗೆಗೋ? ಮೂರೂ ಸೇರಿ ಎಷ್ಟು ಪಂದ್ಯ ಎಂದು ತೀರ್ಮಾನವಾಗುತ್ತದೆ. ಗಂಭೀರವಾದದ್ದು ಟ್ರಿಬ್ಯೂನಲ್‌ಗೆ ಹೋಗುತ್ತದೆ.

ಈಗಿನ ಕಟ್ಟುನಿಟ್ಟಿನ ತಿರುಳು ಒಂದೇ: ಬಂಪ್ ಮಾಡಲು ನೀನೇ ಆರಿಸಿಕೊಂಡೆಯಾದರೆ, ತಲೆಗೆ ತಾಗಿದ್ದರ ಹೊಣೆಯೂ ನಿನ್ನದೇ. ತಾಗಿಸುವ ಇರಾದೆ ಇರಲಿಲ್ಲ ಎಂಬ ವಾದ ಹೆಚ್ಚು ದೂರ ಸಾಗದು. ಆದರೆ ಆರಿಸಿಕೊಂಡನೋ ಇಲ್ಲವೋ ಎಂಬುದೇ ಜಗಳವಾಗುತ್ತದೆ. 2014ರಲ್ಲಿ ಮೆಲ್ಬರ್ನ್‌ನ ಜ್ಯಾಕ್ ವೈನಿ ಡಿಕ್ಕಿಯಲ್ಲಿ ಅಡಿಲೇಡ್‌ನ ಟಾಮ್ ಲಿಂಚ್ ದವಡೆ ಮುರಿಯಿತು. ಟ್ರಿಬ್ಯೂನಲ್ ಎರಡು ಪಂದ್ಯ ಕೊಟ್ಟಿತು. ಕೊನೇ ಕ್ಷಣದಲ್ಲಿ ತನ್ನನ್ನು ಕಾಪಾಡಿಕೊಳ್ಳಲು ಮೈ ತಿರುಗಿಸಿದ್ದಷ್ಟೇ ಎಂಬ ವಾದಕ್ಕೆ ಮೇಲ್ಮನವಿಯಲ್ಲಿ ಜಯ ಸಿಕ್ಕಿತು. ಆ ತೀರ್ಪು ಸರಿಯಾಗಿಯೇ ಇತ್ತು; ಡಿಕ್ಕಿ ಕೊಡುವುದಕ್ಕೂ ಡಿಕ್ಕಿಗೆ ಮೈಯೊಡ್ಡುವುದಕ್ಕೂ ವ್ಯತ್ಯಾಸವಿದೆ.

ನಿಯಮ ಬಿಗಿಯಾದದ್ದು ಆಟ ಮೆತ್ತಗಾದುದರಿಂದ ಎಂದು ಗೊಣಗುವವರಿದ್ದಾರೆ. ಕಾರಣ ಮಿದುಳಿನಲ್ಲಿದೆ. ದಿಗ್ಗಜ ಪಾಲಿ ಫಾರ್ಮರ್ ತೀರಿಕೊಂಡ ಮೇಲೆ ಅವರ ಮಿದುಳು ಪರೀಕ್ಷಿಸಿದಾಗ ಸಿಟಿಇ ಕಂಡುಬಂತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನೊಂದಿಗೆ ಬೆಸೆದುಕೊಂಡಿರುವ, ವರ್ಷಗಳ ಮೇಲೆ ಹೆಚ್ಚುತ್ತ ಹೋಗುವ ಕಾಯಿಲೆ ಅದು. ಇದೇ ಆಟ ಆಡಿದ್ದ ಡ್ಯಾನಿ ಫ್ರಾಲಿ, ಶೇನ್ ಟಕ್ ಅವರಲ್ಲೂ ಅದೇ ಕಂಡಿತು. ಈಗ ಕನ್ಕಷನ್ ಆದ ಎಎಫ್‌ಎಲ್ ಆಟಗಾರ ಕನಿಷ್ಠ 12 ದಿನ ಮೈದಾನಕ್ಕಿಳಿಯುವಂತಿಲ್ಲ.

2024ರ ಋತುವಿನ ಮುಂಚಿನ ಅಭ್ಯಾಸ ಪಂದ್ಯವೊಂದರಲ್ಲಿ ಸೇಂಟ್ ಕಿಲ್ಡಾದ ಜಿಮ್ಮಿ ವೆಬ್‌ಸ್ಟರ್, ನಾರ್ತ್ ಮೆಲ್ಬರ್ನ್‌ನ ಜೈ ಸಿಂಪ್‌ಕಿನ್ ತಲೆಗೆ ತಾಗುವಂತೆ ಬಂಪ್ ಮಾಡಿದರು. ಸಿಂಪ್‌ಕಿನ್ ಕೈಯಿಂದ ಚೆಂಡು ಆಗಲೇ ಹೋಗಿತ್ತು. ಶಿಕ್ಷೆ ಏಳು ಪಂದ್ಯ. ತರಬೇತುದಾರರು ಈಗ ಹೇಳಿಕೊಡುವುದು ಟ್ಯಾಕಲ್: ವೇಗ ತಗ್ಗಿಸು, ಎರಡೂ ತೋಳು ಚಾಚು, ಭುಜದ ಕೆಳಗೆ ಮೊಣಕಾಲಿನ ಮೇಲೆ ಹಿಡಿ. ಎದುರಾಳಿ ಚೆಂಡು ಬಿಟ್ಟುಕೊಡದೆ ಸಿಕ್ಕಿಬಿದ್ದರೆ ಫ್ರೀ ಕಿಕ್ ಸಿಗುತ್ತದೆ. ಬಂಪ್‌ನಿಂದ ಅದೂ ಸಿಗುವುದಿಲ್ಲ.