ಗೇಟ್ ಹೋಗಿದ್ದು ನಿಜ, ನೀರು ಹರಿಹರಕ್ಕೆ ಬರಲಿಲ್ಲ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಹತ್ತಿರದ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನ ಬೆಳಿಗ್ಗೆ ದಾವಣಗೆರೆಯ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಮೆಸೇಜು ಬಂತು: ‘ಡ್ಯಾಮ್ ಗೇಟ್ ಹೋಗಿದೆ. ಹರಿಹರ, ಹೊನ್ನಾಳಿ ಹೊಳೆ ದಂಡೆಯವರು ಕೂಡಲೇ ಮನೆ ಖಾಲಿ ಮಾಡಿ. ತಡ ಮಾಡದೆ ಎಲ್ಲಾ ಗ್ರೂಪಿಗೂ ಹಾಕಿ.’ ಜೊತೆಗೆ ನೀರು ಭೋರ್ಗರೆಯುವ ವಿಡಿಯೊ. ಮೇಲೆ ‘ಫಾರ್ವರ್ಡೆಡ್’ ಅನ್ನುವ ಬಾಣದ ಗುರುತು ಇರಲಿಲ್ಲ. ಹಾಗಾಗಿ ನಾನೂ ಅರೆಗಳಿಗೆ ನಂಬಿದೆ.

ಹರಿಹರದಲ್ಲಿರುವ ಸೋದರಮಾವನಿಗೆ ಫೋನ್ ಹಚ್ಚಿದೆ. ಎಪ್ಪತ್ತು ದಾಟಿದವರು, ಹೊಳೆ ನೋಡುತ್ತಲೇ ಬೆಳೆದವರು. ‘ಡ್ಯಾಮ್ ಇರೋದು ನಮ್ಮಿಂದ ಕೆಳಕ್ಕೆ. ನೀರು ಮ್ಯಾಲಕ್ಕೆ ಹತ್ತಿ ಬರ್ತೈತೇನೋ?’ ಎಂದು ನಕ್ಕರು.

ಗೇಟು ಹೋಗಿದ್ದು ನಿಜ, ವಿಡಿಯೊ ಅಲ್ಲಿಯದೇ. ತಪ್ಪಿದ್ದು ವಿಳಾಸ ಮಾತ್ರ. ಇಂಥದ್ದರ ಮುಂದೆ ‘ನಿಜವೋ ಸುಳ್ಳೋ’ ಎಂದು ಕೇಳಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ‘ಇದು ನನ್ನ ಕೈಲಿ ಏನು ಮಾಡಿಸಲು ನೋಡುತ್ತಿದೆ, ಇಷ್ಟು ಅವಸರ ಯಾಕೆ’ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ಅವಸರಕ್ಕೆ ಮೊಬೈಲೇ ಬೇಕೆಂದಿಲ್ಲ. ತಿಮ್ಮಪ್ಪನ ಹೆಸರಿನಲ್ಲಿ ಬರುತ್ತಿದ್ದ ಪೋಸ್ಟ್ ಕಾರ್ಡು ನೆನಪಿದೆಯೇ? ಇಷ್ಟು ಜನಕ್ಕೆ ಬರೆದರೆ ಲಾಟರಿ, ಹರಿದು ಹಾಕಿದರೆ ರಕ್ತ ಕಾರಿ ಸಾವು. ನಮ್ಮಮ್ಮ ನಂಬುತ್ತಿರಲಿಲ್ಲ, ಆದರೂ ಬರೆದು ಹಾಕುತ್ತಿದ್ದಳು. ‘ಹೋದ್ರೆ ಕಾರ್ಡಿನ ದುಡ್ಡು.’ ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆಲ್ಲ ಸುಣ್ಣದಲ್ಲಿ ‘ನಾಳೆ ಬಾ’ ಮೂಡಿದ್ದೂ ಇದೇ ಲೆಕ್ಕದಲ್ಲಿ.

ಇದನ್ನು ಕೂತು ಬಿಡಿಸಿ ನೋಡುವ ಕೆಲಸಕ್ಕೂ ವಯಸ್ಸಾಗಿದೆ. 1937ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಚಾರದ ತಂತ್ರಗಳನ್ನು ವಿಶ್ಲೇಷಿಸಲೆಂದೇ ಒಂದು ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲೊಬ್ಬರು ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಲೈಡ್ ಮಿಲ್ಲರ್. ಅವರು ಏಳು ತಂತ್ರಗಳನ್ನು ಹೆಸರಿಸಿದರು. ನಮ್ಮೂರ ಗರಡಿಮನೆಯ ಮಾತಿನಲ್ಲಿ ಏಳು ಪಟ್ಟುಗಳು. ಎದುರಾಳಿಗೊಂದು ಕೆಟ್ಟ ಹೆಸರು ಅಂಟಿಸುವುದು, ದೊಡ್ಡವರ ಬಾಯಲ್ಲಿ ಹೇಳಿಸುವುದು, ‘ನಾನೂ ನಿಮ್ಮಂಥವನೇ’ ಎನ್ನುವುದು, ‘ಎಲ್ಲರೂ ಬಂದಾಯಿತು, ನೀನೊಬ್ಬನೇ ಬಾಕಿ’ ಎಂದು ತಳ್ಳುವುದು. ಸಂಸ್ಥೆ 1942ರಲ್ಲಿ ಬಾಗಿಲು ಹಾಕಿತು. ಪಟ್ಟುಗಳು ಇವತ್ತಿಗೂ ಚಾಲ್ತಿಯಲ್ಲಿವೆ.

ನಮ್ಮ ರಾಜ್ಯಕ್ಕೆ ಇದರ ಬಿಸಿ ಜೋರಾಗಿ ತಟ್ಟಿದ್ದು 2012ರ ಆಗಸ್ಟ್‌ನಲ್ಲಿ. ದಾಳಿ ನಡೆಯಲಿದೆ ಎಂಬ ಎಸ್‌ಎಂಎಸ್ ಹಬ್ಬಿ, ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಟಿ ರೈಲು ಹತ್ತಿದರು. ಆ ಸುಮಾರಿಗೆ ಓಡಾಡಿದ ಒಂದು ಫೋಟೊದಲ್ಲಿ ಹೆಣಗಳ ರಾಶಿಯ ನಡುವೆ ಬೌದ್ಧ ಭಿಕ್ಷುಗಳು ನಿಂತಿದ್ದರು. ಮ್ಯಾನ್ಮಾರಿನ ಹತ್ಯಾಕಾಂಡ ಎಂದು ಅಡಿಬರಹ. ಅಸಲಿಗೆ ಅದು 2010ರ ಟಿಬೆಟ್ ಪ್ರಸ್ಥಭೂಮಿಯ ಭೂಕಂಪದ ಚಿತ್ರ. ಅವರು ಸತ್ತವರ ಸಂಸ್ಕಾರಕ್ಕೆ ಬಂದವರು. ಫೋಟೊವನ್ನು ತಿದ್ದಬೇಕಾದ ಅಗತ್ಯವೇ ಬೀಳಲಿಲ್ಲ. ಹದಿನೈದು ದಿನ ಒಟ್ಟೊಟ್ಟಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಕಳಿಸಬಾರದೆಂದು ಸರ್ಕಾರ ಆದೇಶಿಸಿತು.

ಆರು ವರ್ಷಕ್ಕೆ ಅದೇ ‘ಐದು’ ಮತ್ತೆ ಬಂತು, ಈ ಸಲ ಹೆಣ ಬಿದ್ದ ಮೇಲೆ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊವನ್ನು 2018ರಲ್ಲಿ ನಾವೆಲ್ಲ ನೋಡಿದ್ದೇವೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ತೆಗೆದ ಕಿರುಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಮಗು ಕದಿಯುವುದು ಎಷ್ಟು ಸುಲಭ ನೋಡಿ ಎಂಬ ಫಲಕ ಹಿಡಿಯುತ್ತಾರೆ. ಆ ಕೊನೆಯ ತುಣುಕನ್ನಷ್ಟೇ ಯಾರೋ ಕತ್ತರಿಸಿದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕ, ಜುಲೈನಲ್ಲಿ, ಜೊತೆಗಾರ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಗಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ‘ಮಕ್ಕಳ ಕಳ್ಳ’ರೆಂಬ ಗುಮಾನಿಗೆ ಗುಂಪಿನ ಕೈಯಲ್ಲಿ ಸತ್ತರು.

ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಫಾರ್ವರ್ಡ್ ಗುರುತು ತಂದಿತು; ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳ ಮಿತಿ ಹಾಕುವುದಾಗಿ ಹೇಳಿತು. 2019ರಲ್ಲಿ ಪದೇಪದೇ ಸುತ್ತಿದ್ದಕ್ಕೆ ಜೋಡಿ ಬಾಣ ಬಂತು, 2020ರಲ್ಲಿ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತಾಯಿತು. ಒಳ್ಳೆಯದೇ. ಆದರೆ ಬಾಣ ಎಷ್ಟು ಸುತ್ತಿದೆ ಎಂದಷ್ಟೇ ಹೇಳುತ್ತದೆ. ಬರಹವನ್ನು ಕಾಪಿ ಮಾಡಿ ಹೊಸದಾಗಿ ಅಂಟಿಸಿದರೆ ಅದೂ ಮಾಯ.

ಫೇಸ್‌ಬುಕ್ಕಿನ ಗೊಡವೆ ಬೇರೆ. ಅಲ್ಲಿ ಒಂದೇ ಪೋಸ್ಟ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. 2019ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಕಂಪನಿ ಕಾಂಗ್ರೆಸ್ ಐಟಿ ಸೆಲ್‌ನ ನಂಟಿನವರು ನಡೆಸುತ್ತಿದ್ದ 687 ಪುಟ ಮತ್ತು ಖಾತೆಗಳನ್ನು ತೆಗೆಯಿತು. ಬಿಜೆಪಿ ಪರ ಬರೆಯುತ್ತಿದ್ದ, ಒಂದು ಐಟಿ ಕಂಪನಿಯ ನಂಟಿನ 15ನ್ನೂ ತೆಗೆಯಿತು. ಮೊದಲಿನವನ್ನು ಫಾಲೋ ಮಾಡುತ್ತಿದ್ದದ್ದು ಸುಮಾರು 2 ಲಕ್ಷ ಖಾತೆಗಳಾದರೆ, ಆ ಹದಿನೈದನ್ನು 26 ಲಕ್ಷ! ತೆಗೆದದ್ದು ಅವರು ಹೇಳಿದ ಮಾತಿಗಲ್ಲ, ಹೇಳುತ್ತಿರುವವರು ಯಾರೆಂದು ಮರೆಮಾಚಿದ್ದಕ್ಕೆ.

ಕನ್ನಡದಲ್ಲಿ ಇದನ್ನು ಹಿಡಿಯಲು ನನಗೊಂದು ಗೀಳಿದೆ: ಕಾಗುಣಿತ. ‘ಖಂಡಿಸೋಣ’ವನ್ನು ‘ಕಂಡಿಸೋಣ’ ಎಂದು ಬರೆಯುವವರು ಊರ ತುಂಬ ಇದ್ದಾರೆ, ಅದೊಂದೇ ಪುರಾವೆಯಲ್ಲ. ಆದರೆ ಅದೇ ತಪ್ಪು, ಅದೇ ಎರಡು ಇಮೋಜಿ, ಅದೇ ಅರ್ಧ ಗಂಟೆಯಲ್ಲಿ ಇಪ್ಪತ್ತು ಖಾತೆಗಳಲ್ಲಿ ಕಂಡರೆ ಹಿಂದೆ ಒಬ್ಬರೇ ಕೂತಿರುವ ಅನುಮಾನ ಬರಬೇಕು. ಹಾಗಂತ ನಮಗೆ ಒಗ್ಗದ್ದನ್ನೆಲ್ಲ ‘ಪೇಯ್ಡ್’ ಎನ್ನುವುದೂ ಸೋಮಾರಿತನವೇ. ಬೆಳೆ ಒಣಗಿದ ಸಾವಿರ ರೈತರು ಒಂದೇ ಮಾತಾಡಿದರೆ ಅದು ಸಂಚಲ್ಲ.

ಪರಿಣತರು ಏನು ಮಾಡುತ್ತಾರೆ? ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2017ರಲ್ಲಿ 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕರ್‌ಗಳು, 25 ವಿದ್ಯಾರ್ಥಿಗಳ ಮುಂದೆ ಕೆಲವು ವೆಬ್‌ಸೈಟ್ ಇಟ್ಟರು. ಇತಿಹಾಸಕಾರರು, ವಿದ್ಯಾರ್ಥಿಗಳಲ್ಲಿ ಅನೇಕರು ಪುಟದೊಳಗೇ ಮುಳುಗಿ, ಚೆಂದದ ಲೋಗೊಗೆ ಮರುಳಾದರು. ಫ್ಯಾಕ್ಟ್‌ಚೆಕರ್‌ಗಳು ಬೇಗನೆ ಪುಟ ಬಿಟ್ಟು ಹೊರಬಂದು, ಇದನ್ನು ನಡೆಸುವವರ ಬಗ್ಗೆ ಬೇರೆಯವರು ಏನನ್ನುತ್ತಾರೆ ಎಂದು ಹುಡುಕಿದರು. ನಾನು ಹರಿಹರಕ್ಕೆ ಫೋನ್ ಮಾಡಿದ್ದೂ ಅದೇ, ಗೊತ್ತಿಲ್ಲದೆ ಮಾಡಿದ್ದು. 2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಮುಖವನ್ನು ಬೇರೊಬ್ಬರ ದೇಹಕ್ಕೆ ಕೂರಿಸಿದ ಡೀಪ್‌ಫೇಕ್ ಬಂದಾಗಲೂ ಕೀಲಿಕೈ ಆಗಿದ್ದು ಮೂಲ ವಿಡಿಯೊ ಸಿಕ್ಕಿದ್ದೇ.

ಆ ಮೆಸೇಜಿನ ಮೂಲವನ್ನೂ ಹುಡುಕಿದೆ. ಗ್ರೂಪಿಗೆ ಹಾಕಿದ್ದು ನನ್ನ ಚಿಕ್ಕಪ್ಪನ ಮಗ. ಅವನಿಗೆ ಬಂದಿದ್ದನ್ನು ತೋರಿಸು ಎಂದೆ. ಜೋಡಿ ಬಾಣ ಹೊತ್ತ ಆ ಮೆಸೇಜಿನಲ್ಲಿ ಇದ್ದದ್ದು ‘ಕಂಪ್ಲಿ, ಗಂಗಾವತಿ ಹೊಳೆ ದಂಡೆಯವರು’ ಎಂದು. ಎರಡೂ ಡ್ಯಾಮಿನ ಕೆಳಗಿನವು.

‘ಹರಿಹರ ಅಂತ ಯಾಕೋ ಬರೆದೆ?’

‘ನಮ್ಮೋರಿಗೂ ಗೊತ್ತಾಗ್ಲಿ ಅಂತ, ಅಣ್ಣ.’